ಬೆಟ್ಟ ಹತ್ತಿದವರು ಇಳಿಯಬೇಡವೇ?

ತುರುವೇಕೆರೆಯ ತೆಂಗಿನ ತೋಟಗಳ ನಡುವೆ ನಿಂತವರಿಗೆ ಬೆಟ್ಟದ ನೆನಪು ಬರುವುದು ಅಪರೂಪ. ಕೆರೆ, ಕೆರೆಯ ಕೆಳಗೆ ಗದ್ದೆ, ಗದ್ದೆಯ ಆಚೆಗೆ ತೋಟ, ಆ ತೋಟದ ಆಚೆಗೆ ಮತ್ತೊಂದು ತೋಟ. ನೆಲವು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆಯೇ ಹೊರತು ಎಲ್ಲಿಯೂ ಹಠದಿಂದ ತಲೆಯೆತ್ತಿ ನಿಲ್ಲುವುದಿಲ್ಲ. ಇಲ್ಲಿ ಎತ್ತರವೆಂದರೆ ತೆಂಗಿನ ಮರದ ಎತ್ತರವೇ. ಆ ಎತ್ತರವನ್ನು ದಿನವೂ ಏರಿ ಇಳಿಯುವ ಮನುಷ್ಯನನ್ನು ಒಮ್ಮೆ ಗಮನವಿಟ್ಟು ನೋಡಬೇಕು. ಕಾಲಿಗೆ ಹಗ್ಗದ ಕುಣಿಕೆ ತೊಟ್ಟು ಮರವೇರುವಾತನು ಕೈಗಳು ಭದ್ರವಾದ ಮೇಲಲ್ಲದೆ ಕಾಲನ್ನೆತ್ತುವುದಿಲ್ಲ. ಕಾಲು ಕಚ್ಚಿ ನಿಂತ ಮೇಲಲ್ಲದೆ ಕೈಯನ್ನು ಸಡಿಲಿಸುವುದಿಲ್ಲ. ಇಳಿಯುವಾಗಲೂ ಅವನ ಮುಖ ಮರದ ಕಡೆಗೇ ಇರುತ್ತದೆ. ಮೇಲೇರುವಾಗ ಒಂದು ನಿಯಮ, ಕೆಳಗಿಳಿಯುವಾಗ ಒಂದು ನಿಯಮ ಎಂಬುದು ಅವನಿಗೆ ಗೊತ್ತಿಲ್ಲ.

ಬೆಟ್ಟ ಹತ್ತುವವರು ಮರೆಯುವುದು ಈ ಸಾಮಾನ್ಯ ಸಂಗತಿಯನ್ನೇ. ಅದನ್ನು ಮರೆತವನೊಬ್ಬನ ಕಥೆ ಇದೇ ತೆಂಗಿನ ಸೀಮೆಯಲ್ಲಿ ತಲೆಮಾರುಗಳಿಂದ ನಡೆದುಬಂದಿದೆ.

ಕಿಬ್ಬನಹಳ್ಳಿ ಕ್ರಾಸಿನಲ್ಲಿ ಹೆದ್ದಾರಿಯನ್ನು ದಾಟಿ ಉತ್ತರಕ್ಕೆ ಚಿಕ್ಕನಾಯಕನಹಳ್ಳಿಯ ದಾರಿ ಹಿಡಿದರೆ ನೋಟ ಬದಲಾಗುತ್ತದೆ. ತೋಟಗಳ ತಲೆಯ ಮೇಲೆ ನೀಲಿಯ ಗೆರೆಯೊಂದು ಮೂಡಿ, ಬರಬರುತ್ತಾ ಬೋಳು ಬೆಟ್ಟಗಳ ಸಾಲಾಗುತ್ತದೆ. ಈ ಸೀಮೆಯ ಜನ ಬೆಟ್ಟಸಾಲಿನ ನಡುವಣ ಸಂದುಗಳನ್ನು ಕಣಿವೆಗಳೆನ್ನುತ್ತಾರೆ. ಬೋರನಕಣಿವೆಯಲ್ಲಿ ಸುವರ್ಣಮುಖಿಗೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಮದಲಿಂಗನ ಕಣಿವೆಯಲ್ಲಿ ನಿಂತಿರುವುದು ಒಂದು ದುಃಖ. ಮದಲಿಂಗನೆಂದರೆ ಮದುವಣಿಗ. ಹೊಸದಾಗಿ ಮದುವೆಯಾದ ಯುವಕ, ಅವನ ಹೆಂಡತಿ, ಹೆಂಡತಿಯ ತಂಗಿ, ಇವರು ಬೆಟ್ಟದ ದಾರಿಯಲ್ಲಿ ಹೋಗುತ್ತಿದ್ದರಂತೆ. ತಂಗಿಯ ಮೇಲೂ ಅವನಿಗೆ ಮನಸ್ಸಾಯಿತು. ಅವಳು ನಗುನಗುತ್ತಲೇ ಪಣವೊಡ್ಡಿದಳು: ಬೆಟ್ಟದ ಇಳಿಜಾರಿನಲ್ಲಿ ಹಿಮ್ಮುಖವಾಗಿ ನಡೆದು ತೋರಿಸಿದರೆ ಮದುವೆಯಾಗುವೆನೆಂದಳು. ಅವನು ನಡೆದ. ಎಡವಿದ. ಉರುಳಿ ಬಿದ್ದು ಸತ್ತ. ಅವನ ಹಿಂದೆ ಆ ಅಕ್ಕತಂಗಿಯರೂ ಪ್ರಾಣ ಬಿಟ್ಟರೆಂದು ಹೇಳುತ್ತಾರೆ. ಒಬ್ಬೊಬ್ಬರ ಬಾಯಲ್ಲಿ ಕಥೆಯ ವಿವರಗಳು ಬೇರೆಯಾಗುತ್ತವೆ. ಪಣ, ಹಿಮ್ಮುಖದ ಹೆಜ್ಜೆ, ಸಾವು, ಇವು ಮೂರು ಮಾತ್ರ ಬದಲಾಗುವುದಿಲ್ಲ.

ಕಥೆ ನಡೆದದ್ದೋ ಕಟ್ಟಿದ್ದೋ, ಅದನ್ನು ಹೇಳಿದವರಿಗೆ ಬೆಟ್ಟದ ಗುಣ ಚೆನ್ನಾಗಿ ತಿಳಿದಿತ್ತು. ಏಕೆಂದರೆ ಚಿಕ್ಕನಾಯಕನಹಳ್ಳಿಯ ಸಾಲು ಎಡವುವ ಬೆಟ್ಟಗಳ ಸಾಲು.

ಎರಡು ಜಾತಿಯ ಕಲ್ಲು

ತುಮಕೂರು ಜಿಲ್ಲೆಯಲ್ಲಿ ಎರಡು ಬೇರೆ ಬೇರೆ ಜಾತಿಯ ಬೆಟ್ಟಗಳಿವೆ. ಒಂದನ್ನು ಹತ್ತಿದ ಅನುಭವ ಇನ್ನೊಂದಕ್ಕೆ ಪೂರ್ತಿಯಾಗಿ ಒದಗುವುದಿಲ್ಲ. ಪಶ್ಚಿಮದ ಚಿಕ್ಕನಾಯಕನಹಳ್ಳಿ ಸಾಲಿನದು ಪದರುಕಲ್ಲು. ಭೂವಿಜ್ಞಾನಿಗಳು ಚಿತ್ರದುರ್ಗದ ಶಿಸ್ಟ್ ಪಟ್ಟಿ ಎಂದು ಕರೆಯುವ ಹಳೆಯ ಶಿಲಾಸಮೂಹದ ಭಾಗವಿದು. ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಕುಳಿತಿದ್ದ ಪದರಗಳು ಭೂಮಿಯ ಒತ್ತಡದಿಂದ ಮಡಿಸಿ, ಓರೆಯಾಗಿ, ಕೆಲವೆಡೆ ನೆಟ್ಟಗೆ ನಿಂತಿವೆ. ಕಬ್ಬಿಣ, ಮ್ಯಾಂಗನೀಸ್ ಅದಿರುಗಳು ಇವುಗಳ ಒಡಲಲ್ಲಿವೆ. ಇಂತಹ ಬೆಟ್ಟದ ಏಣು ಕಿರಿದು, ಮೈ ಸಡಿಲ. ಹಿಡಿಯಲು ಕಲ್ಲುಗಳಿಗೆ ಬರವಿಲ್ಲ. ಆದರೆ ಹಿಡಿದ ಕಲ್ಲು ಕೈಗೇ ಬರುವ ಸಂಭವ ಹೆಚ್ಚು. ಕಾಲಡಿಯ ಚೂರುಗಳು ಗೋಲಿಯಂತೆ ಉರುಳುತ್ತವೆ.

ಪೂರ್ವದಲ್ಲಿ ಇದಕ್ಕೆ ತದ್ವಿರುದ್ಧ. ಕನಕಪುರ, ರಾಮನಗರಗಳ ಕಡೆಯಿಂದ ಹೊರಟು ಮಾಗಡಿಯ ಸಾವನದುರ್ಗ, ಶಿವಗಂಗೆ, ದೇವರಾಯನದುರ್ಗ, ಮಧುಗಿರಿ, ಪಾವಗಡಗಳ ಮೂಲಕ ಉತ್ತರಕ್ಕೆ ಸಾಗುವುದು ಬೆಣಚುಕಲ್ಲಿನ ಸಾಲು. ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ ಎಂದಿದ್ದುದರಿಂದ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟು ಎಂಬ ಹೆಸರು ನಿಂತಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ತಣ್ಣಗಾಗಿ ಗಟ್ಟಿಯಾದ ಈ ಕಲ್ಲು, ಮೇಲಿನ ಹೊರೆ ಸವೆದು ಹೋದಂತೆ ಈರುಳ್ಳಿಯ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತ ಬಂದಿದೆ. ಆದುದರಿಂದಲೇ ಈ ಬೆಟ್ಟಗಳು ಗುಮ್ಮಟದ ಆಕಾರದವು: ಬೋಳು, ನುಣುಪು, ಅಚಲ. ಇಲ್ಲಿ ಕಲ್ಲು ಕೈಗೆ ಬರುವುದಿಲ್ಲ. ಬಹಳ ಕಡೆ ಹಿಡಿಯಲು ಕಲ್ಲೇ ಇರುವುದಿಲ್ಲ.

ತುರುವೇಕೆರೆಗೂ ತನ್ನದೇ ಒಂದು ಕಲ್ಲುಂಟು. ಗಂಗಾಧರೇಶ್ವರನ ಗುಡಿಯ ನಂದಿಯನ್ನು ನೋಡಿದವರು ಆ ಕರಿಕಲ್ಲಿನ ಹೊಳಪನ್ನು ಮರೆಯುವುದಿಲ್ಲ. ಆದರೆ ಅದು ಉಳಿಗೆ ಒಲಿದ ಕಲ್ಲು, ಕಾಲಿಗಲ್ಲ. ಅದರ ಕಥೆ ಬೇರೆ.

ನಡಿಗೆಯೂ ಅಲ್ಲದ, ಹಗ್ಗ ಮೊಳೆಗಳ ಆರೋಹಣವೂ ಅಲ್ಲದ, ಕೈಕಾಲುಗಳೆರಡನ್ನೂ ಊರಿ ಏರುವ ಈ ನಡುವಣ ವಿದ್ಯೆಗೆ ಇಂಗ್ಲೆಂಡು, ವೇಲ್ಸ್‌ಗಳಲ್ಲಿ ದೊಡ್ಡ ಪರಂಪರೆಯೇ ಇದೆ. ಅಲ್ಲಿ ಇಂತಹ ದಾರಿಗಳನ್ನು ಕಷ್ಟಕ್ಕೆ ತಕ್ಕಂತೆ 1, 2, 3 ಎಂದು ದರ್ಜೆ ಹಾಕಿ ಕೈಪಿಡಿಗಳಲ್ಲಿ ವಿವರಿಸುತ್ತಾರೆ. ಹೆಲ್ವೆಲಿನ್ ಪರ್ವತಕ್ಕೆ ಹೋಗುವ ಸ್ಟ್ರೈಡಿಂಗ್ ಎಡ್ಜ್ ಎಂಬ ಕಿರಿದಾದ ಏಣು ಅವುಗಳಲ್ಲಿ ಸುಲಭವಾದವುಗಳ ಗುಂಪಿನದು. ಆದರೂ 1805ರ ಏಪ್ರಿಲಿನಲ್ಲಿ ಚಾರ್ಲ್ಸ್ ಗಫ್ ಎಂಬ ತರುಣ ಒಬ್ಬನೇ ತನ್ನ ನಾಯಿಯೊಡನೆ ಆ ಕಡೆಗೆ ಹೋಗಿ ಮರಳಲಿಲ್ಲ. ಏಣಿನಿಂದ ಬಿದ್ದಿರಬೇಕೆಂದು ಜನ ಊಹಿಸಿದರು. ಮೂರು ತಿಂಗಳ ಮೇಲೆ ಅವನ ಅವಶೇಷ ಸಿಕ್ಕಾಗ ನಾಯಿ ಇನ್ನೂ ಅದರ ಬಳಿಯಲ್ಲೇ ಇತ್ತು! ವರ್ಡ್ಸ್‌ವರ್ತ್, ವಾಲ್ಟರ್ ಸ್ಕಾಟ್ ಇಬ್ಬರೂ ಆ ನಾಯಿಯ ಮೇಲೆ ಕವಿತೆ ಬರೆದರು. ದರ್ಜೆಯಲ್ಲಿ ಸುಲಭವೆಂದರೆ ಬಿದ್ದಾಗಲೂ ಸುಲಭವೆಂದಲ್ಲ.

ನಮ್ಮ ಬೆಟ್ಟಗಳಿಗೆ ಅಂತಹ ಕೈಪಿಡಿಯ ಪರಂಪರೆ ಬೆಳೆಯಲಿಲ್ಲ. ಇಲ್ಲಿ ದಾರಿ ಮಾಡಿದವರು ಮೂವರು: ಭಕ್ತರು, ಸೈನಿಕರು, ಕುರಿ ಮೇಯಿಸುವವರು. ಭಕ್ತರು ಮಾಡಿದ ದಾರಿಯಲ್ಲಿ ಮೆಟ್ಟಿಲುಂಟು, ಮಂಟಪವುಂಟು; ಶಿವಗಂಗೆಯ ತುದಿಯವರೆಗೆ ಅಜ್ಜಿಯರೂ ಹೋಗಿಬರುತ್ತಾರೆ. ಕುರಿಯ ದಾರಿ ಕುರಿಗೇ ಗೊತ್ತು. ಸೈನಿಕರು ಮಾಡಿದ ದಾರಿ ಮಾತ್ರ ವಿಚಿತ್ರವಾದುದು, ಏಕೆಂದರೆ ಅದು ತಮ್ಮವರು ಹತ್ತಲೆಂದೂ ಪರರು ಹತ್ತಬಾರದೆಂದೂ ಏಕಕಾಲದಲ್ಲಿ ಮಾಡಿದ್ದು. ಅದನ್ನು ನೋಡಬೇಕಾದರೆ ಮಧುಗಿರಿಗೆ ಹೋಗಬೇಕು.

ಮಧುಗಿರಿಯ ಬಂಡೆ

ತುಮಕೂರಿನಿಂದ ಉತ್ತರಕ್ಕೆ ಕೊರಟಗೆರೆಯ ದಾರಿಯಲ್ಲಿ ಹೋದವರಿಗೆ ಊರು ಕಾಣುವ ಮೊದಲೇ ಬಂಡೆ ಕಾಣಿಸುತ್ತದೆ. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಏಕಶಿಲೆ; ಊರು ಅದರ ಪಾದದಲ್ಲಿ ಚೆಲ್ಲಿದ ಅಕ್ಕಿಯಂತಿದೆ. ಪಾಳೆಯಗಾರರ ಕಾಲದಲ್ಲಿ ಹುಟ್ಟಿದ ಕೋಟೆ 1678ರಲ್ಲಿ, ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರಿನ ವಶವಾಯಿತು. ಮುಂದೆ ಹೈದರಾಲಿ ಅದನ್ನು ಬಲಪಡಿಸಿದನು.

ಮೊದಲ ಘಟ್ಟ ಮೋಸದ್ದು. ಅಗಲವಾದ ಮೆಟ್ಟಿಲು, ಕಲ್ಲಿನ ಬಾಗಿಲು, ಅದನ್ನು ದಾಟಿದರೆ ತಿರುವು, ಮತ್ತೊಂದು ಬಾಗಿಲು. ಮಕ್ಕಳು ಓಡುತ್ತಾರೆ. ಬುತ್ತಿ ತಂದವರು ನೆರಳು ನೋಡಿ ಕುಳಿತು ಅಲ್ಲಿಯೇ ಬಿಚ್ಚುತ್ತಾರೆ. ಅವರು ಬುದ್ಧಿವಂತರೆಂದು ಅನಂತರ ತಿಳಿಯುತ್ತದೆ. ಎರಡನೆಯ ಘಟ್ಟದಲ್ಲಿ ಮೆಟ್ಟಿಲುಗಳು ಕಿರಿದಾಗುತ್ತವೆ, ಗೋಡೆ ದೂರ ಸರಿಯುತ್ತದೆ. ಮೂರನೆಯದರಲ್ಲಿ ಮೆಟ್ಟಿಲೆಂಬುದೇ ಇಲ್ಲ. ಬಂಡೆಯ ಬೋಳು ಮೈಯಲ್ಲಿ ಉಳಿಯಿಂದ ಕೆತ್ತಿದ ಆಳವಿಲ್ಲದ ಗುಳಿಗಳು, ಕೆಲವೆಡೆ ಹಿಡಿದುಕೊಳ್ಳಲು ನೆಟ್ಟ ಕಬ್ಬಿಣದ ಕಂಬಿ, ಪಕ್ಕದಲ್ಲಿ ಗಾಳಿ. ಒಂದೊಂದು ಗುಳಿಯಲ್ಲಿ ಹಿಡಿಸುವುದು ಪಾದದ ಮುಂಭಾಗ ಮಾತ್ರ. ಮೇಲಿನಿಂದ ಒಬ್ಬ ಕಾವಲುಗಾರ ಒಂದು ಕಲ್ಲನ್ನು ಉರುಳಿಸಿದ್ದರೆ ಸಾಕಿತ್ತೆಂಬುದು ಅಲ್ಲಿ ನಿಂತವರಿಗೆ ಯಾರೂ ಹೇಳದೆಯೇ ಅರ್ಥವಾಗುತ್ತದೆ.

ಇಂತಹ ಇಳಿಜಾರಿನಲ್ಲಿ ಹೊಸಬರು ಮಾಡುವ ಮೊದಲ ತಪ್ಪು ಬಂಡೆಯನ್ನು ತಬ್ಬುವುದು. ಭಯವಾದಾಗ ಮನುಷ್ಯ ಗಟ್ಟಿಯಾದುದನ್ನು ಅಪ್ಪಿಕೊಳ್ಳುವುದು ಸಹಜವಷ್ಟೆ. ಆದರೆ ಮೈ ಮುಂದಕ್ಕೆ ಬಾಗಿ, ಕೈ ಬಂಡೆಯನ್ನು ಒತ್ತಿದಷ್ಟೂ ಪಾದದ ಮೇಲಿನ ಭಾರ ತಗ್ಗುತ್ತದೆ. ಪಾದ ಹೊರಕ್ಕೆ ಜಾರಲು ಹವಣಿಸುತ್ತದೆ. ನುಣುಪು ಬಂಡೆಯಲ್ಲಿ ಮನುಷ್ಯನನ್ನು ಹಿಡಿದು ನಿಲ್ಲಿಸುವುದು ಅಂಗಾಲಿನ ಉಜ್ಜುವಿಕೆಯೊಂದೇ. ನೆಟ್ಟಗೆ ನಿಂತು, ಭಾರವನ್ನೆಲ್ಲ ಪಾದದ ಮೇಲೆ ಬಿಟ್ಟು, ಹಿಮ್ಮಡಿಯನ್ನು ತಗ್ಗಿಸಿ, ಚಿಕ್ಕ ಚಿಕ್ಕ ಹೆಜ್ಜೆ ಇಡುವವನು ಕ್ಷೇಮ. ರಬ್ಬರಿನ ಅಟ್ಟೆ ಒಳ್ಳೆಯದು. ತೊಗಲಿನ ಅಟ್ಟೆಗಿಂತ ಬರಿಗಾಲೇ ಮೇಲು. ಸವೆದ ಹವಾಯಿ ಚಪ್ಪಲಿಯಲ್ಲಿ ಬಂಡೆಯೇರುವವರನ್ನು ಏನೆನ್ನಬೇಕೋ!

ಪದರುಕಲ್ಲಿನ ಬೆಟ್ಟದಲ್ಲಿ ಪಾಠ ಬೇರೆ. ಅಲ್ಲಿ ಎರಡು ಕೈ, ಎರಡು ಕಾಲು, ಈ ನಾಲ್ಕರಲ್ಲಿ ಮೂರು ಸ್ಥಿರವಾಗಿರುವಾಗ ಒಂದನ್ನು ಮಾತ್ರ ಸರಿಸಬೇಕು. ಕಲ್ಲನ್ನು ನಂಬುವ ಮೊದಲು ತಟ್ಟಿ ನೋಡಬೇಕು. ತಿಪಟೂರಿನ ಕಡೆ ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟ ಕಾಯನ್ನು ಕಿವಿಯ ಬಳಿ ಅಲ್ಲಾಡಿಸಿ, ಒಳಗಿನ ಉಂಡೆ ಕೊಬ್ಬರಿ ಚಿಪ್ಪು ಬಿಟ್ಟಿತೋ ಇಲ್ಲವೋ ಹೇಳುವ ಹೆಂಗಸರಿದ್ದಾರೆ; ಅಂತಹ ಕಿವಿ ಬೇಕು. ಗಟ್ಟಿ ಕಲ್ಲು ಮಂದವಾಗಿ ಸದ್ದು ಮಾಡುತ್ತದೆ, ಬಿಟ್ಟ ಚಕ್ಕೆ ಪೊಳ್ಳಾಗಿ ನುಡಿಯುತ್ತದೆ. ಹಿಡಿದ ಕಲ್ಲನ್ನು ಕೆಳಕ್ಕೆ ಒತ್ತಬೇಕೇ ಹೊರತು ಹೊರಕ್ಕೆ ಎಳೆಯಬಾರದು. ಒಬ್ಬರ ನೇರ ಕೆಳಗೆ ಇನ್ನೊಬ್ಬರು ಬರಬಾರದು.

ಈ ಸಾಲಿನಲ್ಲಿ ಮತ್ತೊಂದು ಎಚ್ಚರಿಕೆಯನ್ನೂ ಹೇಳಬೇಕಾಗಿದೆ. ಅದಿರಿಗಾಗಿ ಬಹುಕಾಲ ಅಗೆದ ಬೆಟ್ಟಗಳಿವು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಾರಿಕೆಯನ್ನು ನಿಲ್ಲಿಸಿತು. ಅನಂತರ ಷರತ್ತುಗಳ ಮೇಲೆ ಕೆಲವಕ್ಕೆ ಅನುಮತಿ ದೊರೆಯಿತು. ಗಣಿಯ ಕಡಿದಾದ ಅಂಚು ಬೆಟ್ಟದ ಸಹಜವಾದ ಅಂಚಲ್ಲ. ಮಳೆ, ಬಿಸಿಲುಗಳ ಪರೀಕ್ಷೆಯಲ್ಲಿ ಅದು ಇನ್ನೂ ತೇರ್ಗಡೆಯಾಗಿಲ್ಲ. ಸಾವಿರಾರು ವರ್ಷ ನಿಂತ ಕಲ್ಲಿನಂತೆ ಅದನ್ನು ನಂಬಲಾಗದು. ಹಳೆಯ ಕಾಲುದಾರಿ ಇದ್ದಕ್ಕಿದ್ದಂತೆ ಅಗೆದ ಗುಂಡಿಯ ಬಾಯಲ್ಲಿ ಮುಗಿದರೆ ಸುತ್ತಿ ಹೋಗುವ ಸಾಹಸ ಬೇಡ, ಹಿಂದಿರುಗಬೇಕು.

ಕಾಣದ ಇಳಿಜಾರು

ಮಧುಗಿರಿಯ ತುದಿಯಲ್ಲಿ ಗೋಪಾಲಕೃಷ್ಣನ ಪಾಳುಗುಡಿಯೂ ಕೋಟೆಯವರು ಬಳಸುತ್ತಿದ್ದ ಕಟ್ಟಡಗಳ ಅವಶೇಷಗಳೂ ಇವೆ. 1763ರಲ್ಲಿ ಹೈದರನು ಬಿದನೂರನ್ನು ಗೆದ್ದ ಬಳಿಕ ಕೆಳದಿಯ ರಾಣಿ ವೀರಮ್ಮಾಜಿಯನ್ನು ಸೆರೆಯಾಗಿ ತಂದಿಟ್ಟದ್ದು ಈ ಮಧುಗಿರಿಯಲ್ಲಿಯೇ. 1767ರಲ್ಲಿ ಮರಾಠರು ಕೋಟೆಯನ್ನು ಹಿಡಿದಾಗ ಆಕೆಗೆ ಬಿಡುಗಡೆಯಾಯಿತು. ಪುಣೆಯ ದಾರಿಯಲ್ಲಿಯೇ ಆಕೆ ತೀರಿಕೊಂಡಳು. ಇಕ್ಕೇರಿಯ ಮಲೆನಾಡಿನಲ್ಲಿ ಬಾಳಿದ ಆ ಹೆಂಗಸಿಗೆ ಈ ಒಣ ಬಂಡೆ ಏನಾಗಿ ತೋರಿತ್ತೋ. ಸೆರೆಗೆ ಬಂಡೆಯನ್ನು ಆರಿಸಿದವನ ಲೆಕ್ಕವಂತೂ ಸ್ಪಷ್ಟ: ದಾರಿ ಒಂದೇ ಇರುವ ಬೆಟ್ಟದಲ್ಲಿ ಮೇಲಿದ್ದವರು ಇಳಿಯುವುದು ಕಾವಲಿನವರ ಮರ್ಜಿ.

ಬೆಣಚುಕಲ್ಲಿನ ಗುಮ್ಮಟದ ನಿಜವಾದ ಅಪಾಯವಿರುವುದೂ ಇಲ್ಲಿಯೇ. ಬಟ್ಟಲನ್ನು ಬೋರಲು ಹಾಕಿ ಅದರ ಮೇಲೆ ಇರುವೆಯನ್ನು ಬಿಟ್ಟು ನೋಡಬಹುದು. ಕೆಳಗಿನಿಂದ ಏರುವ ಇರುವೆಗೆ ಕಡಿದಾದ ಭಾಗ ಮೊದಲು ಸಿಕ್ಕುತ್ತದೆ. ಏರಿದಂತೆಲ್ಲ ದಾರಿ ಸುಲಭವಾಗುತ್ತದೆ. ಮೇಲಿನಿಂದ ಇಳಿಯುವ ಇರುವೆಗೆ ಎಲ್ಲ ಕಡೆಯೂ ಸಮತಟ್ಟಾಗಿ, ಯಾವ ದಿಕ್ಕಾದರೂ ಸರಿಯೆಂಬಂತೆ ಕಾಣುತ್ತದೆ. ಇಳಿದಂತೆಲ್ಲ ಮೈ ಕಡಿದಾಗುತ್ತ ಹೋಗುತ್ತದೆ. ಮುಂದಿನ ಉಬ್ಬಿನ ಆಚೆ ಏನಿದೆಯೆಂದು ಕಾಣುವುದಿಲ್ಲ. ಇರುವೆಗೆ ಆರು ಕಾಲು, ಅದು ಹೇಗೋ ಇಳಿಯುತ್ತದೆ. ಮನುಷ್ಯನೋ ಇಪ್ಪತ್ತು ಮಾರು ಇಳಿದ ಮೇಲೆ, ಮುಂದಕ್ಕೆ ಹೋಗಲಾರದೆ ಹಿಂದಕ್ಕೆ ಹತ್ತಲಾರದೆ ಬಂಡೆಯ ನಡುವೆ ಕುಳಿತುಬಿಡುತ್ತಾನೆ. ಸಾವನದುರ್ಗ, ಮಧುಗಿರಿಗಳಂತಹ ಗುಮ್ಮಟಗಳಲ್ಲಿ ಇಂತಹ ಸಿಲುಕಿಗೆ ಎದೆಗಾರಿಕೆಯ ಕೊರತೆ ಕಾರಣವಲ್ಲ. ಏರುವಾಗ ತಿರುಗಿ ನೋಡದಿದ್ದುದು ಕಾರಣ. ಏರುತ್ತ ನೂರು ಹೆಜ್ಜೆಗೊಮ್ಮೆ ಹಿಂದಿರುಗಿ, ಬರುವಾಗ ಈ ದಾರಿ ಹೇಗೆ ಕಂಡೀತೆಂದು ನೋಡಿಕೊಂಡವನಿಗೆ ಒಂಟಿ ಮರ, ಸೀಳಿದ ಬಂಡೆ, ಬಾಗಿಲ ಮೂಲೆಗಳು ಗುರುತಾಗಿ ಉಳಿಯುತ್ತವೆ. ನೋಡದವನಿಗೆ ಇಡೀ ಬೆಟ್ಟವೇ ಒಂದು ಗುರುತಿಲ್ಲದ ಬೋಳುತಲೆ.

ಸಾವನದುರ್ಗದ ಚರಿತ್ರೆಯಲ್ಲಿಯೂ ಈ ಮಾತಿಗೆ ಸಾಕ್ಷಿಯಿದೆ. 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಆ ದುರ್ಗವನ್ನು ಮುತ್ತಿತು. ಅಜೇಯವೆಂದು ಹೆಸರಾಗಿದ್ದ ಬೆಟ್ಟ ಡಿಸೆಂಬರ್ 21ರಂದು ಬಿದ್ದುಹೋಯಿತು. ಮೇಲೇರಿ ಬಂದ ಆಕ್ರಮಣಕಾರರಿಗೆ ಆದ ನಷ್ಟ ಅತ್ಯಲ್ಪ. ಚೆದುರಿ ಓಡಿದ ಕೋಟೆಯ ಸೈನಿಕರಲ್ಲಿ ಅನೇಕರು ಬಂಡೆಯಂಚಿನಿಂದ ಬಿದ್ದು ಸತ್ತರು. ಅವರು ಆ ಬೆಟ್ಟದಲ್ಲಿಯೇ ವಾಸವಾಗಿದ್ದವರು ಎಂಬುದನ್ನು ನೆನೆಯಬೇಕು.

ದೂರದ ಆಲ್ಪ್ಸ್ ಪರ್ವತದಲ್ಲಿಯೂ ಅದೇ ಕಥೆ. 1865ರ ಜುಲೈ 14ರಂದು ಎಡ್ವರ್ಡ್ ವಿಂಪರ್ ಮತ್ತು ಅವನ ಸಂಗಡಿಗರು, ಒಟ್ಟು ಏಳು ಮಂದಿ, ಅದುವರೆಗೆ ಯಾರೂ ಏರದಿದ್ದ ಮ್ಯಾಟರ್‌ಹಾರ್ನ್ ಶಿಖರವನ್ನು ಬಂಡೆಯ ಏಣಿನ ಮೂಲಕ ಮುಟ್ಟಿದರು. ವಿಜಯದ ಸಂಭ್ರಮ ಒಂದು ಗಂಟೆಯ ಕಾಲ. ಇಳಿಯತೊಡಗಿದಾಗ ಅವರಲ್ಲಿ ತೀರ ಅನನುಭವಿಯಾಗಿದ್ದ ತರುಣ ಜಾರಿದನು. ಒಂದೇ ಹಗ್ಗಕ್ಕೆ ಕಟ್ಟಿಕೊಂಡಿದ್ದವರನ್ನು ಎಳೆದನು. ನಡುವೆ ಹಗ್ಗ ಹರಿದು ನಾಲ್ವರು ಪ್ರಪಾತಕ್ಕೆ ಬಿದ್ದರು. ಹಗ್ಗ ಹರಿಯದಿದ್ದರೆ ಏಳು ಮಂದಿಯೂ ಹೋಗುತ್ತಿದ್ದರೋ ಏನೋ ಎಂಬ ಚರ್ಚೆ ಯೂರೋಪಿನಲ್ಲಿ ಬಹುಕಾಲ ನಡೆಯಿತು.

ಇಳಿಯುವಾಗಲೇ ಏಕೆ ಹೀಗಾಗುತ್ತದೆ? ಏರುವಾಗ ಕಣ್ಣು ಕೈಯ ಬಳಿಯಲ್ಲಿರುತ್ತದೆ. ಮುಂದೆ ಹಿಡಿಯಬೇಕಾದ ಕಲ್ಲು ಮುಖದ ಮುಂದೆಯೇ ಇರುತ್ತದೆ. ಇಳಿಯುವಾಗ ಊರಬೇಕಾದ ನೆಲೆ ಕಾಲಿನ ಕೆಳಗೆ, ಕಣ್ಣಿಗೆ ಐದಡಿ ದೂರದಲ್ಲಿ, ಸ್ವಂತ ಮೈಯ ಮರೆಯಲ್ಲಿ ಇರುತ್ತದೆ. ತೊಡೆಯ ಮಾಂಸಖಂಡಗಳು ಆ ಹೊತ್ತಿಗೆ ದಣಿದಿರುತ್ತವೆ. ಮೈಯನ್ನು ಮೇಲೆತ್ತುವುದು ಅವುಗಳಿಗೆ ಒಂದು ಬಗೆಯ ಕೆಲಸವಾದರೆ, ಬೀಳುವ ಮೈಯನ್ನು ಹೆಜ್ಜೆ ಹೆಜ್ಜೆಗೂ ತಡೆಹಿಡಿಯುವುದು ಇನ್ನೂ ಕಠಿಣವಾದ ಕೆಲಸ. ಮಂಡಿ ನಡುಗುವುದು ಆಗಲೇ. ಎಲ್ಲಕ್ಕಿಂತ ಮುಖ್ಯವಾಗಿ, ಶಿಖರ ಮುಟ್ಟಿದೊಡನೆ ಮನಸ್ಸು ಮನೆಗೆ ಹೋಗಿಬಿಟ್ಟಿರುತ್ತದೆ, ಕಾಲು ಮಾತ್ರ ಬೆಟ್ಟದಲ್ಲಿರುತ್ತದೆ.

ಮದಲಿಂಗನ ಕಥೆಯಲ್ಲಿ ಒಂದು ವಿಪರ್ಯಾಸವೂ ಇದೆ. ಹಿಮ್ಮುಖವಾಗಿ ಇಳಿಯುವುದು ತಪ್ಪೆಂದು ಕೇಳಿದವರಿಗೆಲ್ಲ ತೋರುತ್ತದೆ. ಆದರೆ ಕಡಿದಾದ ಬಂಡೆಯಲ್ಲಿ ಸರಿಯಾದ ಕ್ರಮವೇ ಅದು! ತೆಂಗಿನ ಮರದವನಂತೆ ಬಂಡೆಗೆ ಮುಖ ಮಾಡಿ, ಕೈಯೂರಿ, ಹೆಗಲ ಮೇಲಿಂದ ಕೆಳಗೆ ನೋಡುತ್ತ, ಕಾಲನ್ನು ತಡವಿ ಇಡುವುದು. ಸಾಧಾರಣ ಇಳಿಜಾರಿನಲ್ಲಿ ಹೊರಮುಖವಾಗಿ ನಡೆಯಬಹುದು. ಕೊಂಚ ಕಡಿದಾದರೆ ಪಕ್ಕಕ್ಕೆ ತಿರುಗಬೇಕು. ಇನ್ನೂ ಕಡಿದಾದರೆ ನಾಚಿಕೆಯಿಲ್ಲದೆ ಬಂಡೆಗೆ ಮುಖ ತಿರುಗಿಸಬೇಕು. ಮದಲಿಂಗನ ತಪ್ಪು ಹಿಮ್ಮುಖವಾದದ್ದಲ್ಲ. ನಿಂತು, ಕೈಬೀಸಿ, ನೋಡುವವರ ಮೆಚ್ಚುಗೆಗಾಗಿ ನಡೆದದ್ದು. ನೋಡುವವರು ಇಂದೂ ಇದ್ದಾರೆ, ಜೇಬಿನಲ್ಲಿಯೇ ಇದ್ದಾರೆ. ಬಂಡೆಯಂಚಿನಲ್ಲಿ ನಿಂತು ಫೋನನ್ನು ಮುಂದಕ್ಕೆ ಚಾಚಿ, ಚಿತ್ರಕ್ಕಾಗಿ ಒಂದೊಂದೇ ಹೆಜ್ಜೆ ಹಿಂದಕ್ಕೆ ಸರಿಯುವ ತರುಣರನ್ನು ಕಂಡಾಗ ಆ ಕಣಿವೆಯ ಕಥೆ ಹಳೆಯದೆನ್ನಿಸುವುದಿಲ್ಲ.

ಮಳೆಗಾಲದಲ್ಲಿ ಈ ಬಂಡೆಗಳ ಸಹವಾಸವೇ ಬೇಡ. ಬೋಳುಬಂಡೆಯ ಮೇಲೆ ಕಾಣುವ ಕಪ್ಪು ಪಟ್ಟೆಗಳು ನೀರು ಹರಿಯುವ ದಾರಿಗಳು. ಅವುಗಳ ಮೇಲಿನ ಪಾಚಿ ಒಣಗಿದಾಗ ನಿರುಪದ್ರವಿ, ನೆನೆದಾಗ ಸೋಪಿಗೆ ಸಮಾನ. ಹೆಜ್ಜೇನಿನ ಗೂಡುಗಳು ಬಂಡೆಯ ಚಾಚಿನಡಿ ತೂಗುತ್ತಿದ್ದರೆ ಅಲ್ಲಿ ಹೊಗೆ, ಕೂಗು, ಕಲ್ಲೆಸೆತ ಯಾವುದೂ ಕೂಡದು. ಮಧುಗಿರಿಗೆ ಆ ಹೆಸರು ಬಂದದ್ದೇ ಜೇನಿನಿಂದ ಎನ್ನುತ್ತಾರೆ. ಕುರುಚಲು ಕಾಡಿನ ಬೆಟ್ಟಗಳಲ್ಲಿ ಕರಡಿ ಉಂಟು. ಮುಂಜಾನೆಯ ಮಬ್ಬು, ಸಂಜೆಯ ಮಬ್ಬು ಅದರ ಹೊತ್ತು. ಅರಣ್ಯ ಇಲಾಖೆಯ ಅನುಮತಿ ಬೇಕಾದೆಡೆ ಅದನ್ನು ಪಡೆದೇ ಹೋಗಬೇಕು.

ಉಳಿದುದು ಹೊತ್ತಿನ ಲೆಕ್ಕ. ಬೆಳಗಿನ ತಂಪಿನಲ್ಲಿ ಹೊರಟವರು ಬಂಡೆ ಕಾಯುವ ಮೊದಲೇ ಮೇಲಿರುತ್ತಾರೆ. ಮರಳುವ ಗಂಟೆಯನ್ನು ಕೆಳಗಿರುವಾಗಲೇ ಗೊತ್ತುಮಾಡಿಕೊಂಡು, ಆ ಗಂಟೆಗೆ ಶಿಖರ ನೂರು ಗಜ ದೂರವಿದ್ದರೂ ತಿರುಗಿಬಿಡುವುದು ಹಳಬರ ಪದ್ಧತಿ. ಹೊಸಬರಿಗೆ ಇದು ಹೇಡಿತನವೆಂದು ತೋರುತ್ತದೆ.

ಸಂಜೆ ನಾಲ್ಕರ ಸುಮಾರಿಗೆ ಮಧುಗಿರಿಯ ಮೂರನೆಯ ಘಟ್ಟದಲ್ಲಿ ನಿಂತರೆ ಎರಡು ಬಗೆಯ ಜನ ಎದುರುಬದುರಾಗುವುದನ್ನು ಕಾಣಬಹುದು. ಬೆಳಿಗ್ಗೆ ಎದೆಯುಬ್ಬಿಸಿ ಏರಿದವರು ಈಗ ಬಂಡೆಯ ಮೇಲೆ ಕುಳಿತು, ಅಂಗೈ ಊರಿ, ಷರಾಯಿಯ ಹಿಂಭಾಗವನ್ನು ಬಂಡೆಗೆ ಅರ್ಪಿಸುತ್ತ ಗೇಣು ಗೇಣಾಗಿ ಜಾರಿ ಬರುತ್ತಿರುತ್ತಾರೆ. ತಡವಾಗಿ ಹೊರಟವರು, ಅರ್ಧ ಬಾಟಲಿ ನೀರು ಹಿಡಿದು, ಕಂಬಿಗೆ ಜೋತುಬಿದ್ದು ಮೇಲೆ ನೋಡುತ್ತಿರುತ್ತಾರೆ. "ಇನ್ನೆಷ್ಟು ದೂರ ಸಾರ್?" ಎಂದು ಏರುವವರು ಕೇಳುತ್ತಾರೆ. ಇಳಿಯುವವರು ಒಂದು ಕ್ಷಣ ಕಂಬಿ ಹಿಡಿದು ನಿಂತು, ಬೆವರೊರೆಸಿಕೊಂಡು, ನಮ್ಮ ನಾಡಿನ ಎಲ್ಲ ಬೆಟ್ಟಗಳಲ್ಲಿಯೂ ಎಲ್ಲರೂ ಹೇಳುವ ಆ ಸುಳ್ಳನ್ನೇ ಹೇಳುತ್ತಾರೆ: "ಇಲ್ಲೇ ಬಂತು, ಇನ್ನೊಂದು ಹತ್ತು ನಿಮಿಷ."